ಪಂಖಾ ಕಡೀಕ ಹಾಕೂದು

ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ತಂದಾಗ ನನ್ನ ಬೆರಳಿನ ಪಟ್ಟಿ ನೋಡಿ ಎಲ್ಲಾರೂ ಕೇಳಿದ್ರಿ. ಈಳಿಗಿ ಬಡೀತು ಅಂದಿದ್ದೆ. ಸುಳ್ಳು ಹೇಳಿದ್ದೆ, ಅಕ್ಕಾರ. ಅದು ಸಣ್ಣ ಮಗನ ವಿಮಾನದ ಪಂಖಾ, ಪ್ರೊಪೆಲ್ಲರ್ ಅಂತಾರಲ್ಲ, ಅದು.

ದೀಪಾವಳಿ ರಜಾದಾಗ ಥರ್ಮಾಕೋಲ್ ಕೊರದು ರೆಕ್ಕಿ ಮಾಡಿ, ಮೋಟರ್ ಕೂಡ್ರಿಸಿ, "ಅವ್ವಾ, ಸ್ವಲ್ಪ ಹಿಡಿ" ಅಂದ. ಮೂತಿ ಹತ್ರ ಹಿಡದೆ. ಬ್ಯಾಟರಿ ಹಚ್ಚೇ ಇತ್ತು, ರಿಮೋಟಿನ ಸ್ಪೀಡ್ ಕಡ್ಡಿಗೆ ಅವನ ತೋಳು ತಾಗಿತು. ನನಗ ಮೂರು ಹೊಲಿಗಿ ಬಿದ್ದುವು. ನನಗಿಂತ ಅವನ ಮಾರಿನ ಬೆಳ್ಳಗಾಗಿತ್ತು.

"ಎಲ್ಲಾ ತಿಪ್ಪಿಗೆ ಒಗಿ" ಅಂದ್ರು ನಮ್ಮವರು. ನಾ ಬ್ಯಾಡ ಅಂದೆ. ಮಿಕ್ಸರ್ ಕೈ ಕೊಯ್ತು ಅಂತ ಚಟ್ನಿ ಬಿಡ್ತೀವೇನ್ರಿ? ಪ್ಲಗ್ ತಗದು ಕೈ ಹಾಕೂದು ಕಲೀತೀವಿ.

ಈಗ ನಮ್ಮ ಮನ್ಯಾಗ ಕಾಯ್ದೆ ಅದ. ಮೇಜಿನ ಮ್ಯಾಲೆ ಕೆಲಸ ನಡದಾಗ ಪಂಖಾ ಬಿಚ್ಚಿ ಡಬ್ಬ್ಯಾಗ. ಹಾರಿಸೂ ಮೈದಾನದಾಗ, ಎಲ್ಲಾ ಕೆಲಸ ಮುಗದ ಮ್ಯಾಲೆ ಹಾಕೂದು. ಮೊದಲ ರಿಮೋಟ್ ಚಾಲೂ, ಆಮ್ಯಾಲೆ ಬ್ಯಾಟರಿ. ಬಂದ್ ಮಾಡೂವಾಗ ಮೊದಲ ಬ್ಯಾಟರಿ. ಉಬ್ಬಿದ ಲಿಪೋ ಬ್ಯಾಟರಿ ಚಾರ್ಜಿಗೆ ಹಚ್ಚಂಗಿಲ್ಲ. ಚಲೋ ಇದ್ದದ್ದನ್ನೂ ಹಚ್ಚಿ ಮಲಗಂಗಿಲ್ಲ, ಬೆಂಕಿ ಹತ್ತತದ.

ತೂಕ ನೋಡೂದು ನನ್ನ ಪಾಲಿಗೆ. ರೆಕ್ಕಿ ಅಗಲದಾಗ ಮುಂದಿನ ಅಂಚಿನಿಂದ ಸುಮಾರು ಕಾಲು ಭಾಗ ಬಿಟ್ಟು, ಎರಡೂ ಕಡೆ ಕೆಳಗ ಬೆರಳಿಟ್ಟು ಎತ್ತಬೇಕು. ಬಾಲ ಬಗ್ಗಿದ್ರ ಬ್ಯಾಟರಿ ಮುಂದ ಸರಸೂದು, ಇಲ್ಲಂದ್ರ ಏರಿದ್ದು ಹತೋಟಿ ತಪ್ಪಿ ಬೀಳತದ.

ಮೊನ್ನೆ ಐತವಾರ ಹೊಲಿಗಿ ಬಿದ್ದ ಬೆರಳಿನಿಂದನ ಎತ್ತಿ ನೋಡಿದೆ. ಸಮ ಇತ್ತು. ಆಮ್ಯಾಲೆ ನನ್ನ ಚೀಲದಾಗಿನ ಡಬ್ಬಿ ತಗದು ಅವಗ ಪಂಖಾ ಕೊಟ್ಟೆ.