ದೊಡ್ಡಮ್ಮನ ಎದೆಯಲ್ಲಿ ನಿಂತ ಮುದ್ದೆ

ನಮ್ಮ ಕಡೆ ಹೊಟ್ಟೆ, ಎದೆ, ಗಂಟಲು ಎಲ್ಲಿ ಏನಾದರೂ ಅದಕ್ಕಿರೋದು ಒಂದೇ ಹೆಸರು, ಗ್ಯಾಸ್. ಮೆಡಿಕಲ್ ಸ್ಟೋರಿನಲ್ಲಿ 'ಗ್ಯಾಸಿಗೆ ಕೊಡಿ' ಅಂದರೆ ಸಾಕು, ಚೀಟಿ ಕೇಳದೆ ಮಾತ್ರೆ ಕೊಡುತ್ತಾರೆ. ಸುದ್ದಿ ಹಿಂದೆ ಬೈಕಿನಲ್ಲಿ ಅಲೆಯುವ ನಮ್ಮಂಥ ಸ್ಟ್ರಿಂಗರ್‌ಗಳ ಬ್ಯಾಗಿನಲ್ಲೂ ಪೆನ್ನಿನ ಪಕ್ಕ ಆ ಮಾತ್ರೆ ಇದ್ದೇ ಇರುತ್ತದೆ. ಬಹಳ ಸಲ ಅದು ಗ್ಯಾಸೇ ಆಗಿರುತ್ತದೆ, ಸುಳ್ಳಲ್ಲ. ಆದರೆ ನಮ್ಮ ದೊಡ್ಡಮ್ಮನಿಗೆ ಆಗಿದ್ದು ಅದಲ್ಲ. ಹಾಗಂತ ಗೊತ್ತಾಗುವುದಕ್ಕೆ ಎರಡೂವರೆ ವರ್ಷ ಹಿಡಿಯಿತು.

ಮುದ್ದೆ ಉಣ್ಣುವವರಿಗೆ ಗೊತ್ತು, ಅದನ್ನು ಜಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ದೊಡ್ಡಮ್ಮನಿಗೆ ಮೊದಲು ಎದೆಯ ನಡುವೆ ನಿಂತಿದ್ದು ಮುದ್ದೆಯೇ. ಒಂದು ಚೊಂಬು ನೀರು ಕುಡಿದು, ಎದ್ದು ನಿಂತು ಕೈ ಮೇಲೆತ್ತಿದರೆ ಇಳಿಯುತ್ತಿತ್ತು. ಕೆಲವು ತಿಂಗಳಾದ ಮೇಲೆ ಅನ್ನವೂ ನಿಲ್ಲತೊಡಗಿತು, ಆಮೇಲೆ ನೀರೂ. ರಾತ್ರಿ ಮಲಗಿದರೆ ಕೆಮ್ಮು, ಬೆಳಿಗ್ಗೆ ದಿಂಬಿನ ಮೇಲೆ ಅನ್ನದ ಅಗುಳು. ಪಂಕ್ತಿಯಲ್ಲಿ ಕೂತು ಅರ್ಧಕ್ಕೆ ಏಳಬೇಕಾಗುತ್ತದೆ ಅಂತ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. 14 ಕೆಜಿ ಇಳಿದರು. ಪಕ್ಕದೂರಿನ ಕ್ಲಿನಿಕ್ಕಿನಲ್ಲಿ ಹೋದಾಗಲೆಲ್ಲ ಅದೇ ಗ್ಯಾಸ್ ಮಾತ್ರೆ, ಕೆಮ್ಮಿಗೊಂದು ಸಿರಪ್ಪು.

'ಯಾರೋ ಮದ್ದು ಹಾಕವ್ರೆ' ಅಂತ ಊರಲ್ಲಿ ಮಾತೆದ್ದಿತು. ಹಳೆ ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡಪ್ಪ ಮದ್ದು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು. ಅವರು ಏನೋ ಕುಡಿಸಿ ವಾಂತಿ ಮಾಡಿಸಿದರು. ಹಿಂದಿನ ದಿನ ಉಂಡ ಅನ್ನ ಉಂಡ ಹಾಗೇ ಹೊರಗೆ ಬಂತು. 'ನೋಡಿ, ಕರಗೇ ಇಲ್ಲ, ಮದ್ದು ಹಿಡಕೊಂಡದೆ' ಅಂದರು. ಇನ್ನು ಹಾಕಿದವರು ಯಾರು ಅನ್ನುವ ಲೆಕ್ಕ. ಅದು ಹಬ್ಬದ ದಿನ ಬಡಿಸಿದ್ದ ವಾರಗಿತ್ತಿಯ ಮೇಲೆ, ಅಂದರೆ ನಮ್ಮ ಚಿಕ್ಕಮ್ಮನ ಮೇಲೆ ಬಂತು. ಒಂದೇ ಜಗಲಿಯ ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು.

ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಬೇರೆ ಪ್ರಶ್ನೆ ಕೇಳಿದರು. 'ಅಮ್ಮಾ, ಮೇಲೆ ಬರೋದು ಹುಳಿ ಇರುತ್ತಾ?'

'ಇಲ್ಲ ಕಣವ್ವಾ, ಉಂಡಂಗೇ ಬತ್ತದೆ.'

ಹುಳಿ ಇಲ್ಲ ಅಂದರೆ ಊಟ ಹೊಟ್ಟೆಯನ್ನು ಮುಟ್ಟಿಯೇ ಇಲ್ಲ ಅಂತ ಅವರು ಅನುಮಾನಿಸಿದರು. ನಾವು ನುಂಗಿದ್ದು ಬಾವಿಗೆ ಕಲ್ಲು ಹಾಕಿದ ಹಾಗೆ ತಾನಾಗಿ ಬೀಳುವುದಿಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಹಾಲು ಕರೆಯುವಾಗ ಬೆರಳುಗಳು ಮೇಲಿನಿಂದ ಒಂದೊಂದಾಗಿ ಒತ್ತುತ್ತವಲ್ಲ, ಹಾಗೆ ಅದರ ಸ್ನಾಯು ಊಟವನ್ನು ಕೆಳಕ್ಕೆ ಒತ್ತುತ್ತಾ ಹೋಗುತ್ತದೆ. ಕೊನೆಯಲ್ಲಿ ಉಂಗುರದಂಥ ಇನ್ನೊಂದು ಸ್ನಾಯು ಸಡಿಲಾಗಿ ದಾರಿ ಬಿಡುತ್ತದೆ. ಅಕಲೇಸಿಯಾ ಅನ್ನುವ ಕಾಯಿಲೆಯಲ್ಲಿ ಅನ್ನನಾಳದ ಗೋಡೆಯೊಳಗಿನ ನರಕೋಶಗಳು ಸಾಯುತ್ತವೆ. ಒತ್ತುವ ಕೆಲಸ ಕೆಡುತ್ತದೆ, ಉಂಗುರ ಸಡಿಲಾಗುವುದಿಲ್ಲ. ನಿನ್ನೆಯ ಅನ್ನ ಅಲ್ಲೇ ನಿಂತಿರುತ್ತದೆ. ಮದ್ದು ತೆಗೆಯುವವರು ಕಂಡಿದ್ದು ಇದನ್ನೇ. ವರ್ಷಕ್ಕೆ ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುವ ಕಾಯಿಲೆ. ಯಾರ ಕೈಯಡುಗೆಯಿಂದಲೂ ಬರುವುದಿಲ್ಲ.

ಮೊದಲು ಎಂಡೋಸ್ಕೋಪಿ ಮಾಡಿದರು, ಕ್ಯಾನ್ಸರಿದ್ದರೂ ಹೀಗೇ ಊಟ ನಿಲ್ಲುವುದರಿಂದ. ಅದಿರಲಿಲ್ಲ. ಆಮೇಲೆ ಸುಣ್ಣದ ತಿಳಿಯಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಪಟದಲ್ಲಿ ಅನ್ನನಾಳ ಮೇಲೆ ಉಬ್ಬಿ, ಕೆಳಗೆ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿತ್ತು. ಖಾತ್ರಿ ಮಾಡುವ ಪರೀಕ್ಷೆ ಮನೋಮೆಟ್ರಿ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ, ಬೆಂಗಳೂರಿಗೆ ಹೋದೆವು. ಮೂಗಿನಿಂದ ಸಣ್ಣ ನಳಿಗೆ ಇಳಿಸಿ, ಮಲಗಿಸಿ, ಚಮಚದಷ್ಟು ನೀರನ್ನು ಹತ್ತು ಸಲ ನುಂಗಿಸಿ ಒಳಗಿನ ಒತ್ತಡ ಅಳೆಯುತ್ತಾರೆ. ನಳಿಗೆ ಇಳಿಸುವಾಗ ದೊಡ್ಡಮ್ಮ ಅತ್ತರು. ನೋವಿಗಿಂತ ಹೆದರಿಕೆ.

ಸತ್ತ ನರವನ್ನು ಬದುಕಿಸುವ ಔಷಧ ಇಲ್ಲ. ಮಾಡಬಹುದಾದ್ದು ಆ ಉಂಗುರವನ್ನು ಬಿಡಿಸುವುದು. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ ತಿಮಿಂಗಿಲದ ಮೂಳೆಯಂಥ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟಿದ್ದನಂತೆ, ರೋಗಿಯೇ ಊಟವನ್ನು ಕೆಳಕ್ಕೆ ನೂಕಿಕೊಳ್ಳಲಿ ಅಂತ! ಈಗ ಬಲೂನು ಹಾಕಿ ಹಿಗ್ಗಿಸುತ್ತಾರೆ. ಅಥವಾ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಸ್ನಾಯು ಕತ್ತರಿಸುತ್ತಾರೆ. ಇದು ಜರ್ಮನಿಯ ಹೆಲ್ಲರ್ 1913ರಲ್ಲಿ ಶುರು ಮಾಡಿದ ದಾರಿ. ಜಪಾನಿನ ಇನೌಯೆ 2008ರಲ್ಲಿ ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ ಕತ್ತರಿಸಿದರು, ಅದಕ್ಕೆ ಪೋಯಮ್ ಅನ್ನುತ್ತಾರೆ. ದೊಡ್ಡಮ್ಮನಿಗೆ ಮಾಡಿದ್ದು ಇದನ್ನು. ದಾರಿ ಬಿಟ್ಟ ಮೇಲೆ ಹೊಟ್ಟೆಯ ಹುಳಿ ಮೇಲೆ ಬರುವುದುಂಟು. ಹಾಗಾಗಿ ಈಗಲೂ ದಿನಾ ಅದೇ ಗ್ಯಾಸ್ ಮಾತ್ರೆ ನುಂಗುತ್ತಾರೆ, ಈ ಸಲ ಕಾರಣ ಇದೆ.

ಸಣ್ಣ ತುತ್ತು ಮಾಡಿಕೊಂಡು ಮುದ್ದೆ ಉಣ್ಣುತ್ತಿದ್ದಾರೆ. ಎಕ್ಸ್‌ರೇ ಪಟ ಹಿಡಿದು ಚಿಕ್ಕಮ್ಮನ ಮನೆಗೂ ಹೋಗಿದ್ದೆವು. ಅವರು ನೋಡಿ, ಪಟ ವಾಪಸ್ ಕೊಟ್ಟು, 'ಎರಡು ವರ್ಸ ನನ್ನ ಕೈನೀರು ಮುಟ್ನಿಲ್ಲ, ಇದನ್ನ ತೋರ್ಸುದ್ರೆ ಆಯ್ತಾ?' ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳು ಮಾತ್ರ ಮತ್ತೆ ಜಗಲಿಯಲ್ಲಿ ಒಟ್ಟಿಗೆ ಆಡುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಊಟ ಎದೆಯಲ್ಲಿ ನಿಲ್ಲುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮಾತ್ರೆ ಬದಲಾಯಿಸುತ್ತಾ ಕೂರಬೇಡಿ, ಎಂಡೋಸ್ಕೋಪಿ ಇರುವಲ್ಲಿಗೆ ಹೋಗಿ. ಗಟ್ಟಿ ಊಟ ಮಾತ್ರವೋ, ನೀರೂ ನಿಲ್ಲುತ್ತದೋ, ಮೇಲೆ ಬಂದದ್ದು ಹುಳಿಯೋ ಸಪ್ಪೆಯೋ, ರಾತ್ರಿ ಕೆಮ್ಮಿದೆಯೋ ಎಲ್ಲವನ್ನೂ ಕೇಳದಿದ್ದರೂ ಹೇಳಿ. ವಾಂತಿ ಮಾಡಿಸುವವರ ಹತ್ತಿರ ಹೋಗಬೇಡಿ, ನಿಂತ ಅನ್ನ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಆಯುಷ್ಮಾನ್ ಕಾರ್ಡಿದ್ದವರು ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಂಡು, ಯಾವ ಪರೀಕ್ಷೆಗೆ ಕೈಯಿಂದ ಕಟ್ಟಬೇಕು ಅಂತ ಕೇಳಿಕೊಂಡೇ ಬಸ್ಸು ಹತ್ತಿ.