ಐದನೆಯ ಇಂಗಾಲ

ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಹದಿನೈದು ದಿನಕ್ಕೊಮ್ಮೆ ಕೀಮೋ ಶುರುವಾಯಿತು. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಕೂರಿಸಿದ್ದ ಪೋರ್ಟಿಗೆ ಸೂಜಿ ಚುಚ್ಚಿ, ಫೈವ್ ಎಫ್‌ಯು ಎಂಬ ಕೀಮೋ ಔಷಧ ತುಂಬಿದ ಬಾಟಲಿಯನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಿದ್ದರು. ಅದರೊಳಗಿನ ಬಲೂನು 46 ಗಂಟೆಗಳಲ್ಲಿ ಮೆಲ್ಲಗೆ ಕುಗ್ಗುತ್ತಿತ್ತು. ರಾತ್ರಿ ಮಗ್ಗುಲು ಬದಲಿಸುವಾಗಲೂ ಒಂದು ಕೈ ಅದರ ಮೇಲೆಯೇ.

ಬಾಟಲಿ ಬಿಚ್ಚಿದ ಕೆಲವು ದಿನಕ್ಕೆ ಬಾಯಿ ಹುಣ್ಣು. ನಾಲಿಗೆಯ ಅಂಚು, ಕೆನ್ನೆಯ ಒಳಭಾಗ, ತುಟಿ, ಎಲ್ಲ ಸಿಪ್ಪೆ ಸುಲಿದಂತೆ. ಸಾರಿನ ಮಾತು ಬಿಡಿ, ಟೂತ್‌ಪೇಸ್ಟ್ ತಾಗಿದರೂ ಕಣ್ಣಲ್ಲಿ ನೀರು. ಉಪ್ಪು, ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಉಗುರುಬೆಚ್ಚಗಿನ ಗಂಜಿಯನ್ನು ಚಮಚದ ತುದಿಯಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಎಂಜಲು ನುಂಗುವುದೇ ಕಷ್ಟ. "ಮಾತಾಡ್ಬೇಡಮ್ಮ, ಬರೆದು ತೋರಿಸು" ಎನ್ನುತ್ತಿದ್ದಳು ಮಗಳು.

ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳು ನಾನು. ಮೈಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಸಮಾಧಾನವಿರಲಿಲ್ಲ. ಡಿಎನ್‌ಎ, ಆರ್‌ಎನ್‌ಎಗಳ ಬಿಡಿ ಘಟಕವಾದ ನ್ಯೂಕ್ಲಿಯೊಟೈಡ್‌ನಲ್ಲಿ ಇರುವುದು ಫಾಸ್ಫೇಟ್, ಐದು ಇಂಗಾಲದ ಸಕ್ಕರೆ, ಸಾರಜನಕದ ಪ್ರತ್ಯಾಮ್ಲ. ಆರ್‌ಎನ್‌ಎ ಸಕ್ಕರೆಯ ಎರಡನೆಯ ಇಂಗಾಲದಲ್ಲಿರುವ ಆಕ್ಸಿಜನ್ ಡಿಎನ್‌ಎಯಲ್ಲಿಲ್ಲ. ಆರ್‌ಎನ್‌ಎಯಲ್ಲಿ ಯುರಾಸಿಲ್ ಇದ್ದರೆ ಡಿಎನ್‌ಎಯಲ್ಲಿ ಥೈಮಿನ್. ಯುರಾಸಿಲ್‌ನ ಐದನೆಯ ಇಂಗಾಲಕ್ಕೆ ಒಂದು ಮೀಥೈಲ್ ಗುಂಪು ಸೇರಿದರೆ ಅದೇ ಥೈಮಿನ್. ಆ ಗುಂಪನ್ನು ಸೇರಿಸಲೆಂದೇ ಒಂದು ಕಿಣ್ವವಿದೆ.

1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ ಫೈವ್ ಎಫ್‌ಯು, ಆ ಐದನೆಯ ಇಂಗಾಲದಲ್ಲಿ ಹೈಡ್ರೋಜನ್ ಬದಲು ಫ್ಲೋರಿನ್ ಇರುವ ಯುರಾಸಿಲ್. ದೇಹದೊಳಗೆ ಅದಕ್ಕೂ ಸಕ್ಕರೆ, ಫಾಸ್ಫೇಟ್ ಸೇರಿ ನ್ಯೂಕ್ಲಿಯೊಟೈಡ್ ಆಗುತ್ತದೆ. ಕಿಣ್ವ ಅದನ್ನು ಹಿಡಿದುಕೊಂಡರೆ ಬಿಡಿಸಿಕೊಳ್ಳಲಾಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಜೊತೆಗೆ ಕೊಡುವ ಲ್ಯೂಕೊವೊರಿನ್ ಆ ಹಿಡಿತವನ್ನು ಇನ್ನಷ್ಟು ಬಿಗಿಮಾಡುತ್ತದೆ. ಥೈಮಿನ್ ಸಾಲದೆ ಡಿಎನ್‌ಎ ನಕಲು ನಿಲ್ಲುತ್ತದೆ, ಬೇಗ ಬೇಗ ವಿಭಜನೆಯಾಗುವ ಕೋಶಗಳು ಸಾಯುತ್ತವೆ. ಕ್ಯಾನ್ಸರ್ ಕೋಶಗಳ ಜೊತೆ ಬಾಯಿಯ, ಕರುಳಿನ ಒಳಪದರದ ಕೋಶಗಳೂ.

ತಿಳಿದ ಮಾತ್ರಕ್ಕೆ ಉರಿ ಕಡಿಮೆಯಾಗಲಿಲ್ಲ. ರೋಗ ಬಾಯಿಗೂ ಹರಡಿತೇ ಎಂಬ ಭಯ ಮಾತ್ರ ಹೋಯಿತು.

ಡೋಸ್ ಇಳಿಸಿಬಿಟ್ಟಾರು ಎಂದು ಹುಣ್ಣನ್ನು ಡಾಕ್ಟರಿಗೆ ಹೇಳದವರನ್ನು ವಾರ್ಡಿನಲ್ಲಿ ಕಂಡಿದ್ದೇನೆ. ದಯವಿಟ್ಟು ಮುಚ್ಚಿಡಬೇಡಿ. ಈ ಔಷಧವನ್ನು ಒಡೆಯುವ ಡಿಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮಾಮೂಲಿ ಡೋಸೇ ಪ್ರಾಣಕ್ಕೆ ಎರವಾಗಬಹುದು. ಅದಕ್ಕೆ ಪರೀಕ್ಷೆಯಿದೆ, ಕೀಮೋಗೆ ಮೊದಲೇ ಕೇಳಿ. ನನಗೆ ಆ ಕೊರತೆ ಇರಲಿಲ್ಲ. ಆದರೂ ಹುಣ್ಣು ನೋಡಿ ಡೋಸ್ ಇಳಿಸಿದರು. ಮುಂದಿನ ಸಲವೂ ಹುಣ್ಣಾಯಿತು, ಆದರೆ ಕಿವುಚಿದ ಅನ್ನ, ತೊವ್ವೆ ಗಂಟಲಲ್ಲಿ ಇಳಿಯಿತು.