ಮೂರು ಗೋಡೆಯ ಬಚ್ಚಲು, ನಾಲ್ಕು ಗೋಡೆಯ ಬಚ್ಚಲು!

ತೆರೆಯ ಮೇಲೆ ನಾಯಕಿ ಸ್ನಾನ ಮಾಡುವ ದೃಶ್ಯವನ್ನು ನೀವೆಲ್ಲ ನೋಡಿದ್ದೀರಿ. ನೋಡಿಲ್ಲ ಅಂತ ಸುಳ್ಳು ಹೇಳಬೇಡಿ ಸ್ವಾಮಿ! ಷವರ್ ತಿರುಗಿಸುತ್ತಾಳೆ, ಮುತ್ತಿನಂಥ ಹನಿ ಉದುರುತ್ತದೆ, ಹಿನ್ನೆಲೆಯಲ್ಲಿ ಪಿಟೀಲು ಕುಯ್ಯುತ್ತದೆ. ಆದರೆ ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಎಂದಾದರೂ ಯೋಚಿಸಿದ್ದೀರಾ?

ನಾನು ಹೇಳುತ್ತೇನೆ ಕೇಳಿ. ನಾಯಕಿಯ ಕಾಲ ಕೆಳಗೆ ಒಂದು ಹಲಗೆ. ಹಲಗೆಯ ಕೆಳಗೆ ಒಂದು ಟಾರ್ಪಾಲು. ಟಾರ್ಪಾಲಿನ ಮೂಲೆಯಲ್ಲಿ ಬಕೆಟ್ ಹಿಡಿದು, ಉಸಿರು ಬಿಗಿಹಿಡಿದು ಕೂತ ಒಬ್ಬ ಸೆಟ್ ಹುಡುಗ. ಒಂದು ಕಾಲದಲ್ಲಿ ಆ ಹುಡುಗ ನಾನೇ!

ಕಲಾ ವಿಭಾಗದಲ್ಲಿ ಮರಗೆಲಸ ಮಾಡಿಕೊಂಡು 30 ವರ್ಷ ಕಳೆದವನು ನಾನು. ಜಮೀನ್ದಾರರ ಬಚ್ಚಲು, ಖಳನಾಯಕನ ಬಚ್ಚಲು, ಅಮೆರಿಕಾದಿಂದ ಬಂದ ಅಳಿಯನ ಬಚ್ಚಲು... ಎಷ್ಟು ಕಟ್ಟಿದ್ದೇನೋ ಲೆಕ್ಕವಿಲ್ಲ. ಎಲ್ಲಕ್ಕೂ ಗೋಡೆ ಮೂರೇ. ನಾಲ್ಕನೆಯ ಗೋಡೆ ಇರಬೇಕಾದ ಕಡೆ ಕ್ಯಾಮೆರಾ ನಿಂತಿರುತ್ತದೆ. ಟೈಲ್ಸ್ ಅಂದರೆ ಪ್ಲೈವುಡ್ ಮೇಲೆ ಅಂಟಿಸಿದ ಹಾಳೆ. ಫಳಫಳಿಸುವ ನಲ್ಲಿಯ ಹಿಂದೆ ರಬ್ಬರ್ ಪೈಪು, ಪೈಪಿನ ಆ ತುದಿಗೆ ಸ್ಟೂಲ್ ಮೇಲಿಟ್ಟ ಡ್ರಮ್ಮು. ನಿರ್ದೇಶಕರು 'ಪ್ಯಾಕಪ್' ಅಂದರೆ ಅರ್ಧ ಗಂಟೆಯಲ್ಲಿ ಬಚ್ಚಲು ಮಾಯ!

ಸಿನಿಮಾಕ್ಕೂ ಬಚ್ಚಲಿಗೂ ಹಳೆಯ ನಂಟು. 1941ರಲ್ಲೇ ಲೀಲಾ ಚಿಟ್ನಿಸ್ ಲಕ್ಸ್ ಸೋಪಿನ ಜಾಹೀರಾತಿಗೆ ಮುಖ ಕೊಟ್ಟರು. ಆ ಸೋಪಿಗೆ ಮುಖ ಕೊಟ್ಟ ಮೊದಲ ಭಾರತೀಯ ತಾರೆ ಆಕೆ. ಹಿಚ್‌ಕಾಕ್ ಸಾಹೇಬರು 1960ರ 'ಸೈಕೋ' ಚಿತ್ರದಲ್ಲಿ ಷವರ್ ಕೆಳಗೆ ನಾಯಕಿಯನ್ನು ಕೊಲ್ಲಿಸಿ ಪ್ರಪಂಚವನ್ನೇ ನಡುಗಿಸಿದರು. ಆ ಒಂದು ದೃಶ್ಯಕ್ಕೆ ಒಂದು ವಾರ ಶೂಟಿಂಗ್! ಕಪ್ಪು ಬಿಳುಪು ಚಿತ್ರವಾದ್ದರಿಂದ ಮೋರಿಗೆ ಹರಿದ 'ರಕ್ತ' ಚಾಕೊಲೇಟ್ ಪಾಕ. ತೆರೆಯ ಮೇಲಿನ ಬಚ್ಚಲಿನ ಭಯವೂ ಹೀಗೆ, ನೆಕ್ಕಿದರೆ ಸಿಹಿ!

ನಿಜವಾದ ಬಚ್ಚಲಿನ ಭಯ ಹಾಗಲ್ಲ. 2018ರ ಫೆಬ್ರವರಿ 24ರಂದು ದುಬೈನ ಹೋಟೆಲ್ಲಿನಲ್ಲಿ ಶ್ರೀದೇವಿ ತೀರಿಕೊಂಡರು. ಪ್ರಜ್ಞೆ ತಪ್ಪಿ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕವಾಗಿ ಮುಳುಗಿದ್ದರಿಂದ ಸಾವು ಅಂತ ಅಲ್ಲಿನ ಪೊಲೀಸರು ಹೇಳಿದರು. ಅಂಥ ದೊಡ್ಡ ತಾರೆಗೂ ಕೊನೆಗೆ ಅಷ್ಟೇ ನೀರು ಸಾಕಾಯಿತು. ಆ ಸುದ್ದಿ ಕೇಳಿದ ದಿನ ನಮ್ಮಮ್ಮ ರಾತ್ರಿ ಊಟ ಮಾಡಲಿಲ್ಲ.

ಬಾಗಿದ ಟವೆಲ್ ಕೋಲು

ಇಷ್ಟೆಲ್ಲ ಬಚ್ಚಲು ಕಟ್ಟಿದವನ ಮನೆಯ ಬಚ್ಚಲು ಹೇಗಿತ್ತು ಅಂತೀರಾ? ರಾಜಾಜಿನಗರದಲ್ಲಿ 1978ರಲ್ಲಿ ನಮ್ಮಪ್ಪ ಕಟ್ಟಿಸಿದ ಮನೆ. ಅವರೂ ಮರಗೆಲಸದವರೇ. ಐದಡಿ ಅಗಲ, ಏಳಡಿ ಉದ್ದದ ಬಚ್ಚಲು. ಕೆಂಪು ಗಾರೆ ನೆಲ, ಕೂತು ಮೀಯಲು ಚಪ್ಪಡಿ ಕಲ್ಲು, ಮೂಲೆಯಲ್ಲಿ ತಾಮ್ರದ ಹಂಡೆ. ಒಲೆಗೆ ಅಪ್ಪ ಸಾಮಿಲ್ಲಿನಿಂದ ಮರದ ಹೊಟ್ಟು ತುಂಬಿಕೊಂಡು ಬರುತ್ತಿದ್ದರು. ಆಮೇಲೆ ಒಲೆ ಹೋಯಿತು, ಗ್ಯಾಸ್ ಗೀಸರ್ ಬಂತು. ಕಕ್ಕಸೂ ಅದೇ ಕೋಣೆಗೆ ಸೇರಿತು. ಬಾಗಿಲು ಮಾತ್ರ ಹಳೆಯದೇ. ಎರಡೂಕಾಲು ಅಡಿ ಅಗಲ, ಒಳಕ್ಕೆ ತೆರೆಯುವಂಥದ್ದು, ಹೊಸಿಲು ನಾಲ್ಕಂಗುಲ ಎತ್ತರ. ಇಡೀ ಮನೆಗೆ ಅದೊಂದೇ ಬಚ್ಚಲು.

ಅಮ್ಮನಿಗೆ ಈಗ 79. ಹೋದ ವರ್ಷ ಮಾಘ ಮಾಸದ ಒಂದು ಬೆಳಿಗ್ಗೆ ಸೋಪಿನ ನೀರಿನ ಮೇಲೆ ಕಾಲು ಜಾರಿತು. ಮಣಿಕಟ್ಟು ಮುರಿಯಿತು. ಬಿದ್ದವಳು ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದಳು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಒಳಗೆ ಚಿಲಕ ಬೇರೆ. ಮುರಿಯೋಣ ಅಂದರೆ ಬಾಗಿಲು ಅವಳ ಮೇಲೇ ಬೀಳುತ್ತದೆ. ಕೊನೆಗೆ ಹೊರಗಡೆಯಿಂದ ಚೌಕಟ್ಟಿನ ಪಟ್ಟಿ ಸೀಳಿ, ಬಾಗಿಲನ್ನು ಎತ್ತಿ ತೆಗೆದೆ. ಆ ಹತ್ತು ನಿಮಿಷ ಒಳಗಿನಿಂದ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಯಾರೂ ಬರ್ಬೇಡ್ರೋ, ಮೊದ್ಲು ಒಂದು ಸೀರೆ ಕೊಡ್ರೋ."

ಆರು ವಾರ ಕೈಗೆ ಪಟ್ಟಿ. ಪಟ್ಟಿ ಬಿಚ್ಚಿದ ಮೇಲೆ ಎಲ್ಲಾ ಸರಿಹೋಯಿತು ಅಂತ ನಾವು ತಿಳಿದೆವು. ಆದರೆ ಬಡಗಿಯ ಕಣ್ಣು ನೋಡಿ! ಒಂದು ದಿನ ಮುಖ ಒರೆಸಿಕೊಳ್ಳುವಾಗ ಟವೆಲ್ ಕೋಲು ನಡುವೆ ಬಾಗಿರುವುದು ಕಂಡಿತು. ಟವೆಲ್ಲಿನ ಭಾರಕ್ಕೆ ಕೋಲು ಬಾಗುತ್ತದೆಯೇ? ಗೋಡೆಯ ಸ್ಕ್ರೂ ಅರ್ಧ ಅಂಗುಲ ಆಚೆ ಬಂದಿತ್ತು. ಅಮ್ಮ ದಿನಾ ಅದಕ್ಕೆ ಜೋತುಬಿದ್ದು ಏಳುತ್ತಿದ್ದಳು. ಇನ್ನೊಂದು ವಾರ ಹೋಗಿದ್ದರೆ ಕೋಲಿನ ಸಮೇತ ಬೀಳುತ್ತಿದ್ದಳು.

ನನ್ನ ಹೆಂಡತಿ ಮೆಲ್ಲಗೆ ವಿಚಾರಿಸಿದಾಗ ಒಂದೊಂದೇ ಹೊರಬಂತು. ದಿನಾ ಸ್ನಾನ ಮಾಡುತ್ತಿರಲಿಲ್ಲ, ಮಾಡಿದೆ ಅಂತ ಹೇಳಿ ಸೀರೆ ಬದಲಾಯಿಸುತ್ತಿದ್ದಳು. ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಂತ ಸಂಜೆ ಐದರ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ!

ಮನೆಯಲ್ಲಿ ಮೂರು ಚಿತ್ರಕಥೆ

ಬಚ್ಚಲು ಒಡೆದು ಕಟ್ಟಬೇಕು ಅಂತ ತೀರ್ಮಾನವಾಯಿತು. ಕೈಯಲ್ಲಿದ್ದದ್ದು ಒಂದೂವರೆ ಲಕ್ಷ. ಕಥೆ ಮಾತ್ರ ಮೂರು!

ಮಗನಿಗೆ ಹೆಣ್ಣು ನೋಡುತ್ತಿದ್ದೆವು. ಅವನ ವಾದ: "ಅಪ್ಪಾ, ಹೆಣ್ಣಿನ ಕಡೆಯವರು ಮನೆ ನೋಡೋಕೆ ಬರ್ತಾರೆ. ಬಾತ್‌ಟಬ್ ಹಾಕ್ಸೋಣ, ಗ್ಲಾಸ್ ಪಾರ್ಟಿಷನ್ ಹಾಕ್ಸೋಣ, ಕನ್ನಡಿ ಥರ ಹೊಳೆಯೋ ಟೈಲ್ಸು!" ನಾನು ಸೆಟ್ಟಿನಲ್ಲಿ ಕಟ್ಟುತ್ತಿದ್ದ ಬಚ್ಚಲನ್ನೇ ಅವನು ಮನೆಯಲ್ಲಿ ಕೇಳುತ್ತಿದ್ದ.

ಹೆಂಡತಿಯ ವಾದ ಬೇರೆ: "ಏನೂ ಬೇಡ ರೀ. ಬಾಗಿಲು ತೆಗೆದಿಟ್ಟುಕೊಂಡು ನಾನೇ ಅತ್ತೆಗೆ ನೀರು ಹಾಕ್ತೀನಿ." ಒಳ್ಳೆಯ ಮನಸ್ಸಿನ ಮಾತೇ.

ಅಮ್ಮ ಎರಡನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ಅವಳಿಗೆ ಹಂಡೆಯ ಚಿಂತೆ ಇರಬೇಕು ಅಂದುಕೊಂಡು ನಾನೇ ಕೇಳಿದೆ. "ಹಂಡೆ ಹಿತ್ತಲಲ್ಲಿಡು. ನೀರು ತುಂಬೋ ಹಬ್ಬದ ದಿನ ತೊಳೆದು ಪೂಜೆ ಮಾಡಿದ್ರೆ ಆಯ್ತು. ನಂಗೆ ಅದಲ್ಲ ಕಣೋ ಬೇಕಾದ್ದು" ಅಂದಳು. ಮತ್ತೇನು?

"ಒಳಗಡೆಯಿಂದ ಚಿಲಕ."

ಒಂದು ಗಳಿಗೆ ಯಾರಿಗೂ ಮಾತು ಹೊರಡಲಿಲ್ಲ. "ನಿಮ್ಮಪ್ಪ ಹೋದಮೇಲೆ ಮನೇಲಿ ನಂದು ಅಂತ ಒಂದು ಕೋಣೆ ಇಲ್ಲ. ಹಾಲ್‌ನಲ್ಲಿ ಮಲಗ್ತೀನಿ, ಎಲ್ಲರ ಎದುರಿಗೇ ಇರ್ತೀನಿ. ಚಿಲಕ ಹಾಕ್ಕೊಂಡು ಒಬ್ಬಳೇ ಇರೋದು ಅಲ್ಲೊಂದೇ ಕಣೋ. ಅದನ್ನೂ ತೆಗೆದ್ರೆ ಹೆಂಗೆ?"

2015ರ 'ಪೀಕು' ಚಿತ್ರ ನೆನಪಿದೆಯಾ? ಅಮಿತಾಭ್ ಬಚ್ಚನ್ ತಮ್ಮ ಕಮೋಡ್ ಕುರ್ಚಿಯನ್ನು ಕಾರಿನ ಮೇಲೆ ಕಟ್ಟಿಸಿಕೊಂಡು ದೆಹಲಿಯಿಂದ ಕೋಲ್ಕತ್ತಾಗೆ ಹೊರಡುತ್ತಾರೆ. ಥಿಯೇಟರಿನಲ್ಲಿ ನಾನೂ ಬಿದ್ದುಬಿದ್ದು ನಕ್ಕಿದ್ದೆ. ಅಮ್ಮನ ಮಾತು ಕೇಳಿದ ಮೇಲೆ ಆ ಕುರ್ಚಿಯ ಅರ್ಥ ಬೇರೆಯೇ ಆಯಿತು.

ಅಂದೇ ನಾನು ಚಿತ್ರಕಥೆ ಬರೆದುಬಿಟ್ಟೆ. ಒಂದೇ ಸಾಲು: ಅಮ್ಮ ಚಿಲಕ ಹಾಕಿಕೊಂಡು, ಒಬ್ಬಳೇ, ಹೆದರದೆ ಸ್ನಾನ ಮಾಡಬೇಕು. ಈ ಸಾಲಿಗೆ ಹೊಂದುವುದು ಒಳಗೆ ಬರಲಿ, ಹೊಂದದ್ದು ಎಡಿಟಿಂಗಿನಲ್ಲಿ ಹೋಗಲಿ!

ಶೂಟಿಂಗ್ ಶುರು

ಮೊದಲು ಹೋದದ್ದು ಬಾತ್‌ಟಬ್. ಐದಡಿ ಬಚ್ಚಲಿನಲ್ಲಿ ಅದಕ್ಕೆ ಜಾಗವೆಲ್ಲಿ? ಅದರ ಅಂಚು ದಾಟಲು ಮುದುಕರು ಕಾಲೆತ್ತಬೇಕು, ಒದ್ದೆಯಲ್ಲಿ ಒಂಟಿಕಾಲಲ್ಲಿ ನಿಲ್ಲಬೇಕು. ತುಂಬಿಸಲು ನೀರು ಬೇರೆ. ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಏರಿ ಬರುತ್ತಾಳೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಆ ನೀರಿನ ಬೆಲೆ ಗೊತ್ತು.

ಟೈಲ್ಸ್ ಅಂಗಡಿಯವನು ಮುಖ ಕಾಣುವಂಥ ಟೈಲ್ಸ್ ತೆಗೆದು ತೋರಿಸಿದ. ನಾನು ಚಪ್ಪಲಿ ಬಿಟ್ಟು, ಬಾಟಲಿ ನೀರಿಗೆ ಚೂರು ಸೋಪು ಕಲಸಿ ಸುರಿದು, ಬರಿಗಾಲಲ್ಲಿ ನಿಂತು ನೋಡಿದೆ. ಅಂಗಡಿಯವನು ನನ್ನನ್ನು ಹುಚ್ಚ ಅಂದುಕೊಂಡ. ಅಂದುಕೊಳ್ಳಲಿ! ನಾಲ್ಕನೆಯ ನಮೂನೆಯಲ್ಲಿ ಕಾಲು ನಿಂತಿತು. ಹೊಳಪಿಲ್ಲದ, ತರಿತರಿಯಾದ, ಒಂದಡಿ ಚದರದ್ದು. ಟೈಲ್ಸ್ ಚಿಕ್ಕದಾದಷ್ಟೂ ನಡುವಿನ ಗೆರೆ ಹೆಚ್ಚು, ಗೆರೆ ಹೆಚ್ಚಿದಷ್ಟೂ ಪಾದಕ್ಕೆ ಹಿಡಿತ. ಗೋಡೆಗೆ ಬೇಕಾದರೆ ಹೊಳೆಯುವುದು ಹಾಕಿಕೋ ಅಂತ ಮಗನಿಗೆ ಬಿಟ್ಟುಕೊಟ್ಟೆ.

ಹಳೆಯ ನೆಲ ಅಗೆದ ಮೇಲೆ ಮೇಸ್ತ್ರಿ, "ಸಾರ್, ನೇರವಾಗಿ ಟೈಲ್ಸ್ ಹಾಕ್ಬಿಡ್ಲಾ?" ಅಂದ. ತಡೆಯಪ್ಪಾ! ಮೊದಲು ನೀರು ಸೋರದ ಕೆಮಿಕಲ್ ಬಳಿದು, ಅದು ಒಣಗಿದ ಮೇಲೆ ಮೋರಿ ಮುಚ್ಚಿ, ಎರಡಂಗುಲ ನೀರು ಕಟ್ಟಿ 48 ಗಂಟೆ ಬಿಟ್ಟೆವು. ಪಕ್ಕದ ಗೋಡೆಗೆ ತೇವ ಬರಲಿಲ್ಲ. ಆಮೇಲೆ ಇಳಿಜಾರು. ಹತ್ತಡಿಗೆ ಒಂದೂಕಾಲರಿಂದ ಒಂದೂವರೆ ಅಂಗುಲದ ಲೆಕ್ಕ. ಇಳಿಜಾರು ಕಮ್ಮಿಯಾದರೆ ನೀರು ನಿಂತು ಪಾಚಿ, ಜಾಸ್ತಿಯಾದರೆ ಸ್ಟೂಲು ಓಲಾಡುತ್ತದೆ. ಮೋರಿಯ ಟ್ರ್ಯಾಪಿನಲ್ಲಿ ಸದಾ ಎರಡಂಗುಲ ನೀರು ನಿಲ್ಲಬೇಕು. ಚರಂಡಿಯ ವಾಸನೆಗೂ ಜಿರಳೆಗೂ ಅದೇ ಬೀಗ. ಸೆಟ್ಟಿನಲ್ಲಿ ಬಕೆಟ್ ಹಿಡಿದು ಕೂತವನಿಗೆ ಇಳಿಜಾರಿನ ಬೆಲೆ ಬೇರೆಯವರು ಹೇಳಬೇಕೇ?

ಇನ್ನು ಹಿಡಿಕೋಲು. ಟವೆಲ್ ಕೋಲು ಬೇರೆ, ಮನುಷ್ಯರ ಭಾರ ತಡೆಯುವ ಕೋಲು ಬೇರೆ. ಒಂದೂಕಾಲರಿಂದ ಒಂದೂವರೆ ಅಂಗುಲ ದಪ್ಪದ ಸ್ಟೀಲು, ಗೋಡೆಯಿಂದ ಒಂದೂವರೆ ಅಂಗುಲ ಅಂತರ. ಅಂತರ ಹೆಚ್ಚಾದರೆ ಕೈ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಟೈಲ್ಸಿಗಲ್ಲ, ಇಟ್ಟಿಗೆಯ ಆಳಕ್ಕೆ ಬೋಲ್ಟ್ ಕೂರಬೇಕು. ಸಾಮಾನ್ಯವಾಗಿ ನೆಲದಿಂದ 33ರಿಂದ 36 ಅಂಗುಲಕ್ಕೆ ಹಾಕುತ್ತಾರೆ. ನಾನು ಅಮ್ಮನನ್ನೇ ನಿಲ್ಲಿಸಿ, ಕೂರಿಸಿ, ಏಳಿಸಿ, ಅವಳ ಕೈ ತಾನಾಗಿ ಹೋದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. 32 ಅಂಗುಲ ಬಂತು. ಒಂದು ಕಮೋಡಿನ ಪಕ್ಕ, ಒಂದು ಸ್ನಾನದ ಜಾಗದಲ್ಲಿ. ಹಾಕಿದ ಮೇಲೆ ನಾನೇ ಎರಡೂ ಕಾಲೆತ್ತಿ ಜೋತುಬಿದ್ದು ಪರೀಕ್ಷೆ ಮಾಡಿದೆ. ನನ್ನ ತೂಕ 74 ಕಿಲೋ. ಅಲ್ಲಾಡಲಿಲ್ಲ!

ಕಮೋಡು ಸಾಮಾನ್ಯವಾಗಿ 15-16 ಅಂಗುಲ ಎತ್ತರ ಇರುತ್ತದೆ. ಮಂಡಿ ನೋವಿನವರಿಗೆ 17ರಿಂದ 19 ಅಂಗುಲದ್ದು ಸಿಗುತ್ತದೆ, ಅದನ್ನೇ ತಂದೆ. ಸ್ನಾನಕ್ಕೆ ಕಾಲಿಗೆ ರಬ್ಬರ್ ಇರುವ ಸ್ಟೂಲು, ಕೈಗೆಟಕುವಂತೆ ಹ್ಯಾಂಡ್ ಷವರ್. ಅಮ್ಮ ಚೊಂಬು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ.

ಗೀಸರಿನ ವಿಷಯ ಗಂಭೀರವಾಗಿ ಓದಿ. ಹಂಡೆಯ ಒಲೆ ಹೊಗೆ ಕಾರಿ, ಕಣ್ಣುರಿಸಿ, 'ನಾನಿಲ್ಲಿದ್ದೇನೆ' ಅಂತ ಕೂಗಿ ಹೇಳುತ್ತಿತ್ತು. ಗಾಳಿ ಸಾಲದ ಕಡೆ ಗ್ಯಾಸ್ ಗೀಸರ್ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಕೈಕಾಲು ಏಳುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಗ್ಯಾಸ್ ಗೀಸರ್ ಇಟ್ಟುಕೊಳ್ಳುವವರು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇಡಿ. ನಾನು ತೆಗೆದೇಬಿಟ್ಟೆ. 15 ಲೀಟರಿನ ಕರೆಂಟ್ ಗೀಸರ್ ಹಾಕಿಸಿ, ಸರಿಯಾದ ಅರ್ತಿಂಗ್ ಕೊಡಿಸಿ, 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿದುಹಾಕುವ ಆರ್‌ಸಿಸಿಬಿ ಕೂರಿಸಿದೆ. ಬಿಸಿ 50 ಡಿಗ್ರಿ ಮೀರದ ಹಾಗೆ ತಿರುಗಿಸಿಟ್ಟೆ. ಮುದುಕರ ಚರ್ಮ ತೆಳು.

ಕ್ಲೈಮ್ಯಾಕ್ಸ್: ಚಿಲಕ

ಕೊನೆಗೆ ಬಾಗಿಲು. ಅದನ್ನು ಯಾರಿಗೂ ಕೊಡದೆ ನಾನೇ ಮಾಡಿದೆ. ಗೋಡೆ ಒಡೆದು ಮೂರಡಿ ಅಗಲ ಮಾಡಿದೆ, ಮುಂದೆ ಗಾಲಿಕುರ್ಚಿ ಬಂದರೂ ಹಿಡಿಯಲಿ ಅಂತ. ಹೊಸಿಲು ತೆಗೆದು ಸಣ್ಣ ಇಳಿಜಾರು ಕೊಟ್ಟೆ. ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ, ಒಳಗೆ ಯಾರೇ ಬಿದ್ದರೂ ಅಡ್ಡಿಯಿಲ್ಲ. ಚಿಲಕ? ಒಳಗಿನಿಂದ ಗಟ್ಟಿಯಾಗಿ ಬೀಳುತ್ತದೆ. ಆದರೆ ಹೊರಗಡೆ ಒಂದು ಸಣ್ಣ ಸೀಳು ಇದೆ. ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳಿದರೆ ಇಂಥ ಲಾಕು ಸಿಗುತ್ತದೆ. ಬಾಗಿಲ ಪಕ್ಕದ ಗೂಡಿನಲ್ಲಿ ಎರಡು ರೂಪಾಯಿ ನಾಣ್ಯ ಒಂದನ್ನು ಇಟ್ಟಿದ್ದೇವೆ. ಅದನ್ನು ಯಾವ ಖರ್ಚಿಗೂ ಮುಟ್ಟಕೂಡದು ಅಂತ ಮನೆಯ ಕಾನೂನು!

ಹದಿನೆಂಟು ದಿನದ ಕೆಲಸ. ಅಷ್ಟೂ ದಿನ ಪಕ್ಕದ ಮನೆಯವರು ತಮ್ಮ ಬಚ್ಚಲು ಬಿಟ್ಟುಕೊಟ್ಟರು. ಖರ್ಚು ಒಂದು ಲಕ್ಷ ಅರವತ್ತು ಸಾವಿರ.

ಮೊದಲ ದಿನ ಅಮ್ಮ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು. ನಾವು ಮೂವರೂ ಹಾಲ್‌ನಲ್ಲಿ ಟಿವಿ ನೋಡುವವರ ಹಾಗೆ ಕೂತಿದ್ದೆವು. ಟಿವಿ ಆಫ್ ಆಗಿತ್ತು! ಮುಕ್ಕಾಲು ಗಂಟೆ ಕಳೆಯಿತು. ಹೆಂಡತಿ ನಾಣ್ಯದ ಕಡೆ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ದೇವರನಾಮ ಕೇಳಿಸಿತು. ಬಿದ್ದ ದಿನದಿಂದ ಅಮ್ಮ ಬಚ್ಚಲಲ್ಲಿ ಹಾಡಿರಲಿಲ್ಲ.

ಹೆಣ್ಣಿನ ಕಡೆಯವರೂ ಬಂದರು. ಹುಡುಗಿಯ ತಂದೆ ಕೈ ತೊಳೆಯಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಮಗ ಬೆವೆತ. ಆಮೇಲೆ ಅವರು ಬಂದು ನನ್ನನ್ನು ಪಕ್ಕಕ್ಕೆ ಕರೆದು, "ಆ ಕೋಲು ಎಲ್ಲಿ ಸಿಗುತ್ತೆ ಯಜಮಾನ್ರೇ? ನಮ್ಮ ತಾಯಿಗೂ ಎಂಬತ್ತಾಯ್ತು" ಅಂದರು. ಉಳಿದ ಮಾತುಕತೆ ಇನ್ನೂ ನಡೆಯುತ್ತಿದೆ.

ಓದುಗ ಮಿತ್ರರೇ, ಬಸ್ಸಿಳಿದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಒಂದೂವರೆ ಲಕ್ಷ ಇಲ್ಲದಿದ್ದರೂ ಪರವಾಗಿಲ್ಲ, ಇದಕ್ಕೆ ಕಾಸು ಬೇಡ. ನಿಮ್ಮ ಬಚ್ಚಲಿನ ಟವೆಲ್ ಕೋಲನ್ನು ನೋಡಿ. ಬಾಗಿದೆಯಾ? ಹಾಗಿದ್ದರೆ ಅದನ್ನು ಬಾಗಿಸಿದವರು ಯಾರು ಅಂತ ಕೇಳಿ. ಮೆಲ್ಲಗೆ ಕೇಳಿ.